ವೈದ್ಯರತ್ನ ಪಂಡಿತ ಗೋಪಾಲಾಚಾರ್ಲು ಅವರ ಚರಿತ್ರೆ

ದಕ್ಷಿಣ ದೇಶದಲ್ಲಿ ಆಯುರ್ವೇದವು ಮನೆತನದ ಗುಟ್ಟಿನ ವಿದ್ಯೆಯಾಗಿದ್ದ ಸ್ಥಿತಿಯನ್ನು ಬಿಟ್ಟು ಪಾಠಶಾಲೆಯ ಬಹಿರಂಗ ವಿದ್ಯೆಯಾಗಿ ಮಾರ್ಪಡುವುದಕ್ಕೆ ಕಾರಣರಾದ ಮಹನೀಯರಲ್ಲಿ ಪಂಡಿತ ದೀವಿ ಗೋಪಾಲಾಚಾರ್ಲು ಅವರು ಅಗ್ರಗಣ್ಯರು. ಅವರ ಕೀರ್ತಿಯು ಹಬ್ಬಿದುದು ಮದರಾಸಿನಲ್ಲಿ; ಆದರೆ ಅವರ ವೈದ್ಯವೃತ್ತಿಯು ಮೊದಲು ಒರೆಗಲ್ಲಿಗೆ ಬಂದುದು ನಮ್ಮ ಬೆಂಗಳೂರಿನಲ್ಲಿ, ಪ್ಲೇಗು ಮಾರಿಯ ಹಾವಳಿಯ ನಡುವೆ.

ಗೋಪಾಲಾಚಾರ್ಲು ಅವರು 1872ರಲ್ಲಿ ಆಂಧ್ರದೇಶದ ಮಚಲೀಪಟ್ಟಣದಲ್ಲಿ ಜನಿಸಿದರು. ಅವರ ಮೊದಲ ಪಾಠವು ಮನೆಯಲ್ಲಿಯೇ ನಡೆಯಿತು. ಆ ಸೀಮೆಯ ವೈದ್ಯರು ಚರಕ ಸುಶ್ರುತರೊಡನೆ ಕೊಟ್ಟೂರು ಬಸವರಾಜನು ರಚಿಸಿದ ಬಸವರಾಜೀಯವನ್ನೂ ಆಧಾರ ಗ್ರಂಥವಾಗಿ ಇಟ್ಟುಕೊಂಡಿದ್ದರು. ಆ ಗ್ರಂಥಕರ್ತನು ವೀರಶೈವನೆಂಬುದು ಶರಣಬಂಧುಗಳಿಗೆ ಸಂತೋಷದ ಸಂಗತಿ. ಬಳಿಕ ಅವರು ವಿದ್ಯಾರ್ಥಿಯಾಗಿ ಮೈಸೂರಿಗೆ ಬಂದು, ಅರಮನೆಯ ಆಶ್ರಯದಲ್ಲಿ ಬೆಳೆಯುತ್ತಿದ್ದ ಆಯುರ್ವೇದ ಪಾಠವನ್ನು ಮುಗಿಸಿದರು. ಉತ್ತರದೇಶದಲ್ಲಿ ಸಂಚರಿಸಿ ಅಲ್ಲಿನ ವೈದ್ಯರ ಪದ್ಧತಿಗಳನ್ನೂ ಕಂಡುಬಂದು, ಬೆಂಗಳೂರಿನ ಥಿಯಸಾಫಿಕಲ್ ಸೊಸೈಟಿಯ ಆಯುರ್ವೇದ ವೈದ್ಯಶಾಲೆಯಲ್ಲಿ ಮುಖ್ಯ ವೈದ್ಯರಾದರು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಮೊದಲು ಇಲಿಗಳು ಸತ್ತು ಬಿದ್ದುವು, ಅನಂತರ ಮನುಷ್ಯರು. ಕಂಕುಳಲ್ಲಿಯೋ ತೊಡೆಯ ಸಂದಿನಲ್ಲಿಯೋ ಗಂಟು ಎದ್ದು, ಜ್ವರವೇರಿ, ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರನ್ನಾಗಿ ನೇಮಿಸಿತು. ರೋಗಿಗಳನ್ನು ಊರ ಹೊರಗಿನ ಕ್ಯಾಂಪಿಗೆ ಸಾಗಿಸುವುದು, ಮನೆಯವರನ್ನು ಬೇರೆಯಿಡುವುದು, ಮನೆಗಳನ್ನು ಶುದ್ಧಿಮಾಡುವುದು ಮುಂತಾದ ಕ್ರಮಗಳು ನಡೆದುವು. ಅವು ಸದುದ್ದೇಶದವೇ ಆದರೂ ಜನರು ರೋಗಕ್ಕಿಂತ ಕ್ಯಾಂಪಿಗೆ ಹೆಚ್ಚು ಹೆದರಿ ರೋಗಿಗಳನ್ನು ಅಡಗಿಸಿಡತೊಡಗಿದರು. ಅದೇ ವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಈ ಭಯವು ದಂಗೆಯಾಗಿಯೇ ಪರಿಣಮಿಸಿತು. ಚಾಮರಾಜಪೇಟೆಯು 1892ರಲ್ಲಿಯೇ ಏರ್ಪಟ್ಟಿತ್ತು. ಗಾಳಿ ಬೆಳಕಿನ ಅಗಲವಾದ ಬೀದಿಗಳುಳ್ಳ ಬಸವನಗುಡಿ, ಮಲ್ಲೇಶ್ವರಗಳು ಬೇಗ ಬೆಳೆದುದಕ್ಕೆ ಈ ಮಾರಿಯ ಭಯವೇ ದೊಡ್ಡ ಕಾರಣ.

ಆಗ ಪಾಶ್ಚಾತ್ಯ ವೈದ್ಯರ ಕೈಯಲ್ಲಿಯೂ ಈ ರೋಗಕ್ಕೆ ಔಷಧವಿರಲಿಲ್ಲವೆಂಬುದನ್ನು ಮರೆಯಬಾರದು. ರೋಗಾಣುವನ್ನು 1894ರಲ್ಲಿ ಯೆರ್ಸಿನ್ ಎಂಬಾತನು ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಹಾಫ್ಕಿನ್ ಪಂಡಿತನು 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಚುಚ್ಚುಮದ್ದು ರೋಗ ಬಾರದಂತೆ ತಡೆಯಲು ಮಾತ್ರ. ಬಂದ ಮೇಲೆ ಅದರಿಂದ ಪ್ರಯೋಜನವಿಲ್ಲ. ಇಂತಹ ಸಮಯದಲ್ಲಿ ನಾಡಿನ ವೈದ್ಯನು ಬಾಗಿಲು ಮುಚ್ಚಿ ಊರು ಬಿಡುವನೋ, ರೋಗಿಯ ಬಳಿ ನಿಲ್ಲುವನೋ ಎಂಬುದೇ ಪ್ರಶ್ನೆಯಾಗಿತ್ತು.

ಗೋಪಾಲಾಚಾರ್ಲು ಅವರು ನಿಂತರು. ಕಂಕುಳಲ್ಲಿ ಗಂಟೆದ್ದು ಏಳು, ಹತ್ತು ಅಥವಾ ಹದಿನೈದು ದಿನಗಳಲ್ಲಿ ಕೊಲ್ಲುವ ಅಗ್ನಿರೋಹಿಣಿಯೆಂಬ ವ್ಯಾಧಿಯನ್ನು ಸುಶ್ರುತನು ಹೇಳಿರುವನು. ಪ್ಲೇಗು ಅದೇ ಎಂದು ಆ ಕಾಲದ ಅನೇಕ ವೈದ್ಯರು ಬಗೆದರು. ಗೋಪಾಲಾಚಾರ್ಲು ಅವರು ಒಳಗೆ ಸೇವಿಸಲು ಹೈಮಾದಿ ಪಾನಕವನ್ನೂ ಹೊರಗೆ ಲೇಪಿಸಲು ಶತಧೌತ ಘೃತವನ್ನೂ ಸಿದ್ಧಪಡಿಸಿದರು. ಶತಧೌತ ಘೃತವೆಂದರೆ ತಾಮ್ರದ ಪಾತ್ರೆಯಲ್ಲಿ ನೀರು ಹೊಯ್ದು ನೂರು ಬಾರಿ ತೊಳೆದ ತುಪ್ಪ. ತೊಳೆತೊಳೆದಂತೆ ಅದು ಬೆಣ್ಣೆಗಿಂತ ಬೆಳ್ಳಗೂ ನುಣುಪಾಗಿಯೂ ಆಗಿ ಉರಿಯನ್ನು ಶಮನಮಾಡುತ್ತದೆ. ಈ ಎರಡು ಔಷಧಗಳಿಂದ ಅವರ ಹೆಸರು ಸಂಸ್ಥಾನದ ಎಲ್ಲೆಯನ್ನು ದಾಟಿತು.

ಈ ಔಷಧಗಳು ಪ್ಲೇಗನ್ನು ಗೆದ್ದುವೆಂದು ಇಂದು ಹೇಳುವಂತಿಲ್ಲ. ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ಸಿಮೊಂಡ್ ಎಂಬಾತನು ಅದೇ 1898ರಲ್ಲಿ ಕರಾಚಿಯಲ್ಲಿ ಕಂಡನು; ನಿಜವಾಗಿ ಗುಣಪಡಿಸುವ ಸ್ಟ್ರೆಪ್ಟೊಮೈಸಿನ್ ದೊರೆತುದು 1940ರ ದಶಕದಲ್ಲಿ. ಘೃತವು ಉರಿಯನ್ನು ತಣಿಸಿತು, ಪಾನಕವು ಧೈರ್ಯ ಕೊಟ್ಟಿತು, ಅಷ್ಟನ್ನು ಒಪ್ಪಬಹುದು. ಭಕ್ತಿಯಿಂದ ಅದಕ್ಕಿಂತ ಹೆಚ್ಚು ಹೇಳುವುದು ಆ ಪಂಡಿತರಿಗೆ ಗೌರವವಾಗದು. ಆದರೆ ಒಬ್ಬ ವೈದ್ಯನು ಎಷ್ಟು ಸಮರ್ಥನಾದರೂ ಪೇಟೆಗೆಲ್ಲ ಸಾಲನೆಂಬುದನ್ನು ಆ ವರ್ಷಗಳು ತೋರಿಸಿಕೊಟ್ಟುವು. ಅವರ ಉಳಿದ ಜೀವಿತವು ವೈದ್ಯರನ್ನು ತಯಾರಿಸುವುದರಲ್ಲಿಯೇ ಕಳೆಯಿತು.

ಮದರಾಸಿನಲ್ಲಿ ಅವರು ಶ್ರೀ ಕನ್ಯಕಾಪರಮೇಶ್ವರಿ ದೇವಸ್ಥಾನದ ಧರ್ಮವೈದ್ಯಶಾಲೆಯನ್ನೂ ಅಲ್ಲಿನ ಆಯುರ್ವೇದ ಪಾಠಶಾಲೆಯನ್ನೂ ವಹಿಸಿಕೊಂಡರು. ಆಯುರ್ವೇದಾಶ್ರಮವೆಂಬ ಔಷಧಶಾಲೆಯನ್ನು ಸ್ಥಾಪಿಸಿ ಜೀವಾಮೃತವೇ ಮೊದಲಾದ ಔಷಧಗಳನ್ನು ದೇಶಕ್ಕೆಲ್ಲ ಕಳುಹಿದರು. ಅವುಗಳ ಜಾಹೀರಾತುಗಳಲ್ಲಿ ಅತಿಶಯೋಕ್ತಿಗೆ ಕೊರತೆಯಿರಲಿಲ್ಲ. ಸಂಸ್ಕೃತದ ವೈದ್ಯ ಗ್ರಂಥಗಳನ್ನು ತೆಲುಗಿಗೆ ತಂದು, ಮನೆತನಗಳಲ್ಲಿ ಬಚ್ಚಿಟ್ಟಿದ್ದ ವಿದ್ಯೆಯು ಹೊರಗೆ ಬರುವಂತೆ ಮಾಡಿದರು. 1913ರಲ್ಲಿ ಸರ್ಕಾರವು ವೈದ್ಯರತ್ನ ಬಿರುದನ್ನಿತ್ತಿತು.

ಬಿರುದನ್ನಿತ್ತ ಕೈಯೇ ಮರುವರ್ಷ ಬಾಗಿಲನ್ನು ಮುಚ್ಚಿತು. 1914ರ ಮದರಾಸು ವೈದ್ಯ ನೋಂದಣಿ ಶಾಸನದಂತೆ ಪಾಶ್ಚಾತ್ಯ ವೈದ್ಯರ ಹೆಸರುಗಳಿಗೆ ಮಾತ್ರ ಪಟ್ಟಿಯಲ್ಲಿ ಸ್ಥಾನ. ಪಟ್ಟಿಯಲ್ಲಿರುವವರು ಹೊರಗಿನವರೊಡನೆ ಸೇರಿ ಕೆಲಸಮಾಡಿದರೆ ಹೆಸರು ಹೋಗುವ ಭಯ. ಆಯುರ್ವೇದ ಶಾಲೆಯೊಡನೆ ಸಂಬಂಧವಿಟ್ಟುಕೊಂಡಿದ್ದ ಡಾಕ್ಟರೊಬ್ಬರ ಮೇಲೆ ವೈದ್ಯ ಮಂಡಲಿಯು ಆಕ್ಷೇಪವೆತ್ತಿತು. ಎರಡು ಶಾಸ್ತ್ರಗಳನ್ನೂ ಕಲಿತವನು ಬೇಕೆಂಬ ಪಂಡಿತರ ಆಶೆಗೆ ಇದು ದೊಡ್ಡ ಪೆಟ್ಟು. ಹಾಗಿದ್ದರೂ ಪಾಶ್ಚಾತ್ಯ ವೈದ್ಯ ಪದವಿಯನ್ನು ಪಡೆದ ಆಚಂಟ ಲಕ್ಷ್ಮೀಪತಿಯವರು ಅವರ ಶಿಷ್ಯರಾಗಿ ಆಯುರ್ವೇದವನ್ನು ಕಲಿತರು.

1918ರಲ್ಲಿ ಸರ್ಕಾರವು ದೇಶೀಯ ಔಷಧಗಳ ಪರೀಕ್ಷೆಗಾಗಿ ಡಾಕ್ಟರ್ ಕೋಮನ್ ಅವರನ್ನು ನೇಮಿಸಿತು. ಅವರ ವರದಿಯು ಕೆಲವು ಔಷಧಗಳನ್ನು ಮೆಚ್ಚಿದರೂ ಶಾಸ್ತ್ರವನ್ನು ಅವೈಜ್ಞಾನಿಕವೆಂದು ತಳ್ಳಿಹಾಕಿತು. ವೈದ್ಯ ಸಭೆಗಳು ಲಿಖಿತವಾಗಿ ಪ್ರತ್ಯುತ್ತರ ಕೊಟ್ಟುವು. ಆ ವಾದವು ಮುಗಿಯುವ ಮುನ್ನವೇ, 1920ರಲ್ಲಿ, ಗೋಪಾಲಾಚಾರ್ಲು ಅವರು ತಮ್ಮ ನಲವತ್ತೆಂಟನೆಯ ವಯಸ್ಸಿನಲ್ಲಿ ದೈವಾಧೀನರಾದರು. ಪಾಠಶಾಲೆಯ ಭಾರವು ಲಕ್ಷ್ಮೀಪತಿಯವರ ಮೇಲೆ ಬಿದ್ದಿತು. ಮರುವರ್ಷ ಉಸ್ಮಾನ್ ಸಮಿತಿಯು ನೇಮಕವಾಗಿ 1923ರಲ್ಲಿ ದೇಶೀಯ ವೈದ್ಯದ ಪರವಾಗಿ ವರದಿ ಮಾಡಿತು. 1925ರಲ್ಲಿ ಮದರಾಸಿನಲ್ಲಿ ಸರ್ಕಾರದ ಭಾರತೀಯ ವೈದ್ಯ ಶಾಲೆಯು ತೆರೆಯಲ್ಪಟ್ಟಿತು. ಅದರ ಮೊದಲ ಮುಖ್ಯಾಧ್ಯಾಪಕರಾದವರು ಪಾಶ್ಚಾತ್ಯ ವೈದ್ಯದಲ್ಲಿ ಪದವೀಧರರೂ ನಮ್ಮ ಹಾಸನ ಸೀಮೆಯ ಗೊರೂರಿನವರೂ ಆದ ಕ್ಯಾಪ್ಟನ್ ಶ್ರೀನಿವಾಸಮೂರ್ತಿಗಳು.