ಮರಳಿನ ಮೇಲೆ ಅಣೆ ನಿಲ್ಲಿಸಿದ ಆರ್ಥರ್ ಕಾಟನ್

ಗೋದಾವರಿ ಬಯಲಿನ ಊರುಗಳಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿಯ ಪ್ರತಿಮೆಗಳು ಕಾಣಸಿಗುತ್ತವೆ. ತೆಲುಗು ರೈತರು ಕಾಟನ್ ದೊರ ಎಂದು ನೆನೆಯುವ ಸರ್ ಆರ್ಥರ್ ಕಾಟನ್ ಅವರೇ ಇವರು.

1803ರ ಮೇ 15ರಂದು ಇಂಗ್ಲೆಂಡಿನಲ್ಲಿ ಜನಿಸಿದ ಕಾಟನ್ 1821ರಲ್ಲಿ ಮದರಾಸಿಗೆ ಬಂದು ಸೈನ್ಯದ ಎಂಜಿನಿಯರ್ ವಿಭಾಗದಲ್ಲಿ ಕೆಲಸಕ್ಕೆ ನಿಂತರು. ಆಗ ತಂಜಾವೂರು ರೈತರು ಕಷ್ಟದಲ್ಲಿದ್ದರು. ಕಾವೇರಿಯಲ್ಲಿ ಹೂಳು ತುಂಬಿ, ನೀರು ತಗ್ಗಿನ ಕೊಳ್ಳಿಡಂ ಕವಲಿಗೆ ಹರಿದು ಸಮುದ್ರದ ಪಾಲಾಗುತ್ತಿತ್ತು.

ಕೊಳ್ಳಿಡಂಗೆ ಅಡ್ಡಗಟ್ಟೆ ಹಾಕೋಣವೆಂದರೆ ತಳದಲ್ಲಿ ಬರೀ ಮರಳು. ದಾರಿ ತೋರಿಸಿದ್ದು ಚೋಳರ ಕಾಲದ ಕಲ್ಲಣೆ. ಮರಳಿನ ಮೇಲೆ ಹಾಕಿದ ಕಲ್ಲು ಹೂತುಹೋಗುತ್ತದೆ, ಮೇಲೆ ಮೇಲೆ ಹಾಕುತ್ತ ಹೋದರೆ ಕೊನೆಗೆ ಅದೇ ಗಟ್ಟಿ ತಳಪಾಯವಾಗುತ್ತದೆ. ಹಳಬರ ಈ ಉಪಾಯ ಕಲಿತ ಕಾಟನ್ 1836ರಲ್ಲಿ ಕೊಳ್ಳಿಡಂಗೆ ಅಣೆಗಳನ್ನು ಕಟ್ಟಿಸಿದರು. ತಂಜಾವೂರಿನ ಗದ್ದೆಗಳಿಗೆ ಮತ್ತೆ ನೀರು ಬಂತು.

ಬರದಿಂದ ಬೆಂದಿದ್ದ ಗೋದಾವರಿ ಸೀಮೆಗೆ ಕಳುಹಿಸಿದಾಗ ಅದೇ ಪಾಠ ನೆರವಿಗೆ ಬಂತು. ಧವಳೇಶ್ವರದ ಬಳಿ 1847ರಲ್ಲಿ ಕೆಲಸ ಆರಂಭಿಸಿ, ಹತ್ತಿರದ ಗುಡ್ಡದ ಕಲ್ಲನ್ನೇ ಬಳಸಿ, 1852ರಲ್ಲಿ ಅಣೆ ಮುಗಿಸಿದರು. ನಡುಗಡ್ಡೆಗಳ ನಡುವೆ ನಾಲ್ಕು ಭಾಗವಾಗಿ ನಿಂತ ಈ ಕಟ್ಟೆಯ ಉದ್ದ ಸುಮಾರು ಮೂರೂವರೆ ಕಿಲೋಮೀಟರ್. ಅಲ್ಲಿ ಕಾಟನ್ ಕೈಕೆಳಗೆ ಪಳಗಿದ ಕ್ಯಾಪ್ಟನ್ ಆರ್, ಮುಂದೆ ವಿಜಯವಾಡದಲ್ಲಿ ಕೃಷ್ಣೆಗೆ ಅಣೆ ಕಟ್ಟಿಸಿ 1855ರಲ್ಲಿ ಪೂರ್ಣಗೊಳಿಸಿದರು. ಹೀಗೆ ಒಂದು ನದಿಯ ಅನುಭವ ಆಳಿನಿಂದ ಆಳಿಗೆ ದಾಟಿ ಇನ್ನೊಂದು ನದಿಗೆ ಸಾಗಿತು. 1861ರಲ್ಲಿ ಕಾಟನ್‌ಗೆ ಸರ್ ಪದವಿ ದೊರೆಯಿತು.

ಆದರೆ ಎಲ್ಲ ಪಾಠವೂ ಎಲ್ಲ ನೆಲಕ್ಕೂ ಹೊಂದುವುದಿಲ್ಲ. ಇದು ತಿಳಿದದ್ದು ಆದವಾನಿ ಪಕ್ಕದ ಕರ್ನೂಲಿನಲ್ಲಿ. ಕಾಟನ್ ಸಲಹೆಯಂತೆ ಮದ್ರಾಸ್ ಇರಿಗೇಶನ್ ಕಂಪನಿಯು 1860ರ ದಶಕದಲ್ಲಿ ಸುಂಕೇಸುಲದಲ್ಲಿ ತುಂಗಭದ್ರೆಗೆ ಅಣೆ ಹಾಕಿ ಕರ್ನೂಲು-ಕಡಪ ಕಾಲುವೆ ತೋಡಿಸಿತು. ಹತ್ತು ಲಕ್ಷ ಪೌಂಡ್ ಬಂಡವಾಳಕ್ಕೆ ಶೇ. 5ರಷ್ಟು ಬಡ್ಡಿಯ ಖಾತರಿ ಸರ್ಕಾರದ್ದು. ಗೋದಾವರಿಯ ಕೆಳಬಯಲಿನಲ್ಲಿ ಭತ್ತದ ರೈತರು ನೀರಿಗೆ ಕಾದಿದ್ದರು. ಇಲ್ಲಿಯ ಎರೆಭೂಮಿಯಲ್ಲಿ ಜೋಳ, ಹತ್ತಿ ಬೆಳೆಯುತ್ತಿದ್ದವರು ಮಳೆ ಬಂದ ವರ್ಷ ದುಡ್ಡು ಕೊಟ್ಟು ನೀರು ಪಡೆಯಲು ಮುಂದಾಗಲಿಲ್ಲ. ಕಂಪನಿ ನಷ್ಟಕ್ಕೆ ಬಿತ್ತು. 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು. ನದಿಯ ತಳವನ್ನು ಅಳೆದಷ್ಟು ಜಾಗ್ರತೆಯಿಂದ ರೈತನ ಹೊಲವನ್ನೂ ಅಳೆಯಬೇಕೆಂಬುದು ಈ ನಷ್ಟ ಕಲಿಸಿದ ಪಾಠ.

ಕಾಟನ್ 1899ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ನಷ್ಟದ ಕಾಲುವೆ ಎನಿಸಿಕೊಂಡಿದ್ದ ಕೆ.ಸಿ. ಕಾಲುವೆ ಮುಂದೆ ಕರ್ನೂಲು, ಕಡಪ ರೈತರಿಗೆ ಆಸರೆಯಾಯಿತು.