ದೀಪಸ್ತಂಭಗಳ ಮನೆಯ ಕಥೆಗಾರ

ಮಕ್ಕಳಿಗಾಗಿ ಬರೆಯುವವರನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೊನೆಯ ಎಲೆಗೆ ಕೂಡಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅವರು ವಿನೋದಶೀಲರೂ ಆಗಿಬಿಟ್ಟರಂತೂ ಪಂಡಿತರು ಅತ್ತ ತಿರುಗಿ ನೋಡುವುದೂ ಕಡಮೆ. ಹಾಸ್ಯವೆಂದರೆ ಬಾಳಿನ ಭಾರವನ್ನು ಹೊತ್ತರಿಯದವರ ವ್ಯಾಪಾರ ಎಂಬ ಭಾವನೆ ನನಗೂ ಒಂದು ಕಾಲಕ್ಕೆ ಇತ್ತು. ಅದನ್ನು ಬಿಡಿಸಿದವನು ರಾಬರ್ಟ್ ಲೂಯಿ ಸ್ಟೀವನ್‌ಸನ್. ಅವನ ‘ಟ್ರೆಷರ್ ಐಲೆಂಡ್’ ಕಥೆಯನ್ನು ನಾನು ಓದಿದ್ದು ಹೈಸ್ಕೂಲಿನಲ್ಲಿ, ಗಣಿತದ ಪುಸ್ತಕದ ಒಳಗಿಟ್ಟುಕೊಂಡು. ಅವನ ಬಾಳನ್ನು ಓದಿದ್ದು ಅಧ್ಯಾಪಕನಾದ ಮೇಲೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಆದ ಬೆರಗನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿದೆ.

ಸ್ಟೀವನ್‌ಸನ್ ಹುಟ್ಟಿದ್ದು 1850ರ ನವೆಂಬರ್ 13ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಅವನದು ಕಡಲಿನಲ್ಲಿ ದೀಪಸ್ತಂಭಗಳನ್ನು ಕಟ್ಟುವ ಮನೆತನ. ಅಜ್ಜ ರಾಬರ್ಟ್, ಭರತದ ಹೊತ್ತಿಗೆ ಮುಳುಗಿಹೋಗುವ ಬೆಲ್ ರಾಕ್ ಎಂಬ ಬಂಡೆಯ ಮೇಲೆ ದೀಪಸ್ತಂಭವನ್ನು ನಿಲ್ಲಿಸಿ ಹೆಸರಾದವನು. ತಂದೆ ಥಾಮಸ್, ದೊಡ್ಡಪ್ಪಂದಿರಾದ ಆಲನ್ ಮತ್ತು ಡೇವಿಡ್, ಎಲ್ಲರೂ ಅದೇ ಕಸುಬಿನವರು. ಥಾಮಸನಿಗೆ ಇದ್ದವನು ಒಬ್ಬನೇ ಮಗ. ಕುಲದ ಕಸುಬು ಅವನಿಗೇ ಸಲ್ಲಬೇಕಾಗಿದ್ದುದು ಸಹಜ. ಆದರೆ ಆ ಮಗನ ಎದೆ ಚಿಕ್ಕಂದಿನಿಂದಲೇ ದುರ್ಬಲ. ಕೆಮ್ಮಿ ಕೆಮ್ಮಿ ನಿದ್ದೆಗೆಟ್ಟ ರಾತ್ರಿಗಳಲ್ಲಿ ದಾದಿ ಆಲಿಸನ್ ಕನಿಂಗ್‌ಹ್ಯಾಮ್ ಅವನ ಪಕ್ಕದಲ್ಲಿ ಕುಳಿತು ಬೈಬಲ್ಲಿನ ಕಥೆಗಳನ್ನೂ ಸ್ಕಾಟ್ಲೆಂಡಿನ ಧರ್ಮವೀರರ ಕಥೆಗಳನ್ನೂ ಹೇಳುತ್ತಿದ್ದಳು. ಬೇರೆ ಮಕ್ಕಳು ಹಿತ್ತಲಲ್ಲಿಯೂ ಬೀದಿಯಲ್ಲಿಯೂ ಕಂಡ ಜಗತ್ತನ್ನು ಈ ಹುಡುಗ ಹಾಸಿಗೆಯಲ್ಲಿ ಮಲಗಿಯೇ ಕಾಣಬೇಕಾಯಿತು.

1867ರಲ್ಲಿ ಅವನು ಎಂಜಿನಿಯರಿಂಗ್ ಕಲಿಯಲು ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿದ. 1871ರಲ್ಲಿ, ತನಗೆ ಬೇಕಾದದ್ದು ಬರವಣಿಗೆ, ದೀಪಸ್ತಂಭವಲ್ಲ ಎಂದು ತಂದೆಗೆ ತಿಳಿಸಿದ. ಥಾಮಸ್ ಕೂಗಾಡಲಿಲ್ಲ, ಜೀವನಕ್ಕೆ ಆಸರೆಯಾಗಿ ಕಾನೂನನ್ನಾದರೂ ಓದೆಂದ. ಮಗ 1875ರಲ್ಲಿ ವಕೀಲನೂ ಆದ. ಆದರೆ ವಕೀಲಿಯ ನಿಲುವಂಗಿಗೆ ಹೆಚ್ಚು ಕೆಲಸ ಕೊಡಲಿಲ್ಲ. ಈ ನಡುವೆ, 1873ರಲ್ಲಿ, ಧರ್ಮದ ಬಗ್ಗೆ ತನಗಿದ್ದ ನಂಬಿಕೆ ಹೋಯಿತೆಂದು ಅವನು ಒಪ್ಪಿಕೊಂಡಾಗ ದೈವಭಕ್ತನಾದ ತಂದೆಯ ಎದೆ ಒಡೆಯಿತು. ಎಂಜಿನಿಯರನಾಗಬೇಕಾಗಿದ್ದ ಮಗ ಕನ್ನಡ ಎಂ.ಎ.ಗೆ ಸೇರುತ್ತೇನೆಂದಾಗ ಊಟದೆಲೆಯ ಮುಂದೆ ಕವಿಯುವ ಮೌನ ಎಂಥದೆಂದು ನಾನು ಬಲ್ಲೆ. ಎಡಿನ್‌ಬರೋದ ಆ ಮನೆಯ ಮೌನ ಅದಕ್ಕಿಂತ ಎಷ್ಟೋ ಮಡಿ ಭಾರವಾದದ್ದಾಗಿರಬೇಕು.

ಇಂಥ ಮನೆಯಿಂದ ಹೊರಬಿದ್ದ ಯುವಕ ಕಹಿಯನ್ನು ಬರೆದಿದ್ದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ಅವನು ಬರೆದದ್ದು ಕತ್ತೆಯ ಕಥೆ! 1878ರಲ್ಲಿ ದಕ್ಷಿಣ ಫ್ರಾನ್ಸಿನ ಬೆಟ್ಟಗಾಡಿನಲ್ಲಿ ಹನ್ನೆರಡು ದಿನ ನಡೆದು ಹೊರಟ ಅವನು, ಸಾಮಾನು ಹೊರಲೆಂದು ಮೊಡೆಸ್ಟೀನ್ ಎಂಬ ಹೆಣ್ಣುಕತ್ತೆಯನ್ನು 65 ಫ್ರಾಂಕಿಗೂ ಒಂದು ಲೋಟ ಬ್ರಾಂದಿಗೂ ಕೊಂಡುಕೊಂಡ. ಕತ್ತೆ ನಡೆಯಲೊಲ್ಲದು, ಹೊರೆ ಒಂದು ಕಡೆಗೆ ಜಾರುವುದು, ದಾರಿಯಲ್ಲಿ ಕಂಡವರೆಲ್ಲ ನಗುವರು. ಆ ನಗುವವರ ಗುಂಪಿನಲ್ಲಿ ತಾನೂ ಸೇರಿಕೊಂಡು ತನ್ನನ್ನೇ ನೋಡಿ ನಗುವುದು ಸ್ಟೀವನ್‌ಸನ್ನನ ರೀತಿ. ಕೊನೆಗೆ ಕತ್ತೆಯನ್ನು 35 ಫ್ರಾಂಕಿಗೆ ಮಾರಿ, ಆಮೇಲೆ ಅದಕ್ಕಾಗಿ ಅತ್ತೂಬಿಟ್ಟ. ಅವನ ಹಾಸ್ಯದ ಗುಟ್ಟು ಇಲ್ಲಿಯೇ ಇದೆ. ಅದು ಇತರರನ್ನು ಚುಚ್ಚುವುದಿಲ್ಲ; ತನ್ನ ಸೋಲನ್ನು ಮುಚ್ಚಿಡುವುದೂ ಇಲ್ಲ.

ಮರುವರ್ಷ ಅವನು, ತನಗಿಂತ ಹತ್ತು ವರ್ಷ ದೊಡ್ಡವಳೂ ಮಕ್ಕಳ ತಾಯಿಯೂ ಆದ ಫ್ಯಾನಿ ಆಸ್‌ಬರ್ನಳನ್ನು ಅರಸಿ ಅಮೆರಿಕಕ್ಕೆ ಹೋಗಿ, ಸಾವಿನ ಅಂಚನ್ನು ಮುಟ್ಟಿ, 1880ರ ಮೇ ತಿಂಗಳಲ್ಲಿ ಅವಳನ್ನು ಮದುವೆಯಾದ. ತಂದೆ ಸೊಸೆಯನ್ನು ಮನೆಗೆ ಬರಮಾಡಿಕೊಂಡ. 1881ರ ಬೇಸಗೆಯಲ್ಲಿ ಎಲ್ಲರೂ ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಊರಿನಲ್ಲಿ ಒಂದು ಮನೆ ಹಿಡಿದರು. ಹೊರಗೆ ಬಿಡದ ಮಳೆ. ಫ್ಯಾನಿಯ ಮಗ ಲಾಯ್ಡ್ ಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದ. ಅವನ ಜೊತೆ ಕುಳಿತ ಸ್ಟೀವನ್‌ಸನ್ ಒಂದು ದ್ವೀಪದ ನಕ್ಷೆ ಬರೆದ. ನಕ್ಷೆಯೊಳಗಿನಿಂದ ಕಡಲುಗಳ್ಳರು ಎದ್ದು ಬಂದರು. ದಿನಕ್ಕೊಂದು ಅಧ್ಯಾಯ ಬರೆದು ಮನೆಯವರಿಗೆ ಓದಿ ಹೇಳತೊಡಗಿದ. ಲಾಯ್ಡ್ ಕಿವಿಗೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಅವನಷ್ಟೇ ಆಸೆಯಿಂದ ಕಿವಿಗೊಟ್ಟವನು ಮುದಿತನದ ಹೊಸ್ತಿಲಲ್ಲಿದ್ದ ಥಾಮಸ್! ಸತ್ತ ಕಳ್ಳ ಬಿಲ್ಲಿ ಬೋನ್ಸನ ಪೆಟ್ಟಿಗೆಯಲ್ಲಿ ಏನೇನು ಇರಬೇಕೆಂದು ಆ ಗಂಭೀರ ಎಂಜಿನಿಯರ್ ಕುಳಿತು ಪಟ್ಟಿ ಮಾಡಿಕೊಟ್ಟ. ಕಳ್ಳರ ನಾಯಕ ಫ್ಲಿಂಟನ ಹಡಗಿಗೆ ಹೆಸರಿಟ್ಟವನೂ ಅವನೇ.

ಕಥೆ 1881ರ ಅಕ್ಟೋಬರಿನಿಂದ ‘ಯಂಗ್ ಫೋಕ್ಸ್’ ಎಂಬ ಮಕ್ಕಳ ಪತ್ರಿಕೆಯಲ್ಲಿ, ಕ್ಯಾಪ್ಟನ್ ಜಾರ್ಜ್ ನಾರ್ತ್ ಎಂಬ ಹುಸಿಹೆಸರಿನಲ್ಲಿ ಬಂತು, 1883ರಲ್ಲಿ ಪುಸ್ತಕವಾಯಿತು. ಪುಸ್ತಕವಾಗುವಾಗ ಒಂದು ವಿನೋದ ನಡೆಯಿತು. ಪ್ರಕಾಶಕರಿಗೆ ಕಳಿಸಿದ ಮೂಲ ನಕ್ಷೆ ಕಳೆದುಹೋಯಿತು. ನಕ್ಷೆಯಿಂದ ಕಥೆ ಹೆಣೆದವನು ಈಗ ಕಥೆಯನ್ನು ಸಾಲುಸಾಲಾಗಿ ಶೋಧಿಸಿ ನಕ್ಷೆ ತಯಾರಿಸಬೇಕಾಯಿತು. ಆ ಕೆಲಸ ನಡೆದದ್ದು ತಂದೆಯ ಕಚೇರಿಯಲ್ಲಿ, ದೀಪಸ್ತಂಭಗಳ ನಕ್ಷೆಗಳು ಸಿದ್ಧವಾಗುತ್ತಿದ್ದ ಕಡೆ. ಬಗೆಬಗೆಯ ಕೈಬರಹಗಳನ್ನು ಅನುಕರಿಸಬಲ್ಲವನಾಗಿದ್ದ ಥಾಮಸ್, ಕಳ್ಳ ಫ್ಲಿಂಟನ ಸಹಿಯನ್ನು ತಾನೇ ಕುಳಿತು ಖೋಟಾ ಮಾಡಿದ. ಮಗನ ನಂಬಿಕೆಯನ್ನು ಒಪ್ಪಲಾರದ ತಂದೆ ಮಗನ ಆಟಕ್ಕೆ ಸಹಿ ಹಾಕಿದ. ಇದನ್ನು ಓದುವಾಗಲೆಲ್ಲ ನನಗೆ ನಮ್ಮ ತಂದೆಯವರ ನೆನಪಾಗುತ್ತದೆ. ನನ್ನ ಕಸುಬಿನ ವಿಷಯ ಅವರು ಕೊನೆಯವರೆಗೂ ಮಾತೆತ್ತಲಿಲ್ಲ. ಅವರು ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ನನ್ನ ಮೊದಲ ಪುಸ್ತಕ ಸಿಕ್ಕಿತು. ಅದಕ್ಕೆ ಖಾಕಿ ಕಾಗದದ ಹೊದಿಕೆ ಹಾಕಿ, ಮೇಲೆ ತಮ್ಮ ದುಂಡಕ್ಷರದಲ್ಲಿ ನನ್ನ ಹೆಸರನ್ನು ಬರೆದಿಟ್ಟಿದ್ದರು.

‘ಟ್ರೆಷರ್ ಐಲೆಂಡ್’ ಸಾಹಸದ ಕಥೆಯೆಂದು ಎಲ್ಲರೂ ಬಲ್ಲರು. ಅದರ ಹಾಸ್ಯವನ್ನು ಗಮನಿಸಿದವರು ಕಡಮೆ. ಇಷ್ಟು ಜನ ಪ್ರಾಣ ಕೊಟ್ಟ ಆ ನಕ್ಷೆ ಕೊನೆಗೆ ತೋರಿಸುವುದು ಬರಿಯ ಹಳ್ಳವನ್ನು! ದ್ವೀಪದಲ್ಲಿ ಮೂರು ವರ್ಷ ಒಂಟಿಯಾಗಿದ್ದ ಬೆನ್ ಗನ್ ಅದಾಗಲೇ ನಿಧಿಯನ್ನು ಬೇರೆಡೆಗೆ ಸಾಗಿಸಿಬಿಟ್ಟಿದ್ದಾನೆ. ಅಷ್ಟು ಚಿನ್ನದ ಒಡೆಯನಾದ ಅವನು ಕನಸು ಕಾಣುವುದು ಒಂದು ತುಂಡು ಗಿಣ್ಣಿಗಾಗಿ. ಒಂಟಿಕಾಲಿನ ಸಿಲ್ವರನ ಕಥೆಯೂ ಹಾಗೆಯೇ. ಕ್ಷಯದಿಂದ ಒಂದು ಕಾಲನ್ನು ಕಳೆದುಕೊಂಡರೂ ಅಬ್ಬರದಿಂದ ನಗುತ್ತಿದ್ದ ಕವಿಮಿತ್ರ ಹೆನ್ಲಿಯ ಛಾಯೆ ಅವನಲ್ಲಿದೆ. ಕೊಲೆಗಡುಕನಾದರೂ ಅವನನ್ನು ನಾವು ದ್ವೇಷಿಸಲಾರೆವು.

ಇದನ್ನೆಲ್ಲ ಬರೆದವನು ರಕ್ತ ಕಾರುತ್ತಿದ್ದ ರೋಗಿ ಎಂಬುದನ್ನು ಮರೆಯಬಾರದು. 1884ರಲ್ಲಿ ಫ್ರಾನ್ಸಿನ ಈಯೇರ್ ಎಂಬಲ್ಲಿ ವೈದ್ಯರು ಅವನಿಗೆ ಮಾತನ್ನು ನಿಷೇಧಿಸಿ, ಬಲಗೈಯನ್ನು ಮೈಗೆ ಕಟ್ಟಿ, ಕಣ್ಣುಬೇನೆಗಾಗಿ ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದರು. ಅವನು ಎಡಗೈಯಲ್ಲಿ ಮಕ್ಕಳ ಪದ್ಯಗಳನ್ನು ಬರೆದ. ಮರುವರ್ಷ ಆ ಪದ್ಯಗಳ ಸಂಗ್ರಹ ಪ್ರಕಟವಾದಾಗ ಅದನ್ನು ತನ್ನ ಹಳೆಯ ದಾದಿಗೆ ಅರ್ಪಿಸಿದ.

1887ರಲ್ಲಿ ತಂದೆ ತೀರಿಕೊಂಡ ಮೇಲೆ ಸ್ಟೀವನ್‌ಸನ್ ತಾಯ್ನಾಡನ್ನು ಬಿಟ್ಟ. 1888ರಲ್ಲಿ ಬಾಡಿಗೆಯ ಹಡಗಿನಲ್ಲಿ ಪೆಸಿಫಿಕ್ ಸಾಗರಕ್ಕಿಳಿದು, ಕೊನೆಗೆ ಸಮೋವಾ ದ್ವೀಪದ ವೈಲಿಮಾದಲ್ಲಿ ಮನೆ ಕಟ್ಟಿದ. ಅಲ್ಲಿಯ ಜನ ಅವನನ್ನು ಕಥೆಗಾರ ಎಂಬರ್ಥದಲ್ಲಿ ಟುಸಿಟಾಲ ಎಂದು ಕರೆದರು. ತಂದೆ ಹಟದಿಂದ ಓದಿಸಿದ ಕಾನೂನು ಅಲ್ಲಿ ಸಾರ್ಥಕವಾಯಿತು. ಕ್ರಿಸ್‌ಮಸ್ ದಿನ ಹುಟ್ಟಿದ್ದರಿಂದ ಬೇರೆ ಹುಟ್ಟುಹಬ್ಬವಿಲ್ಲದೆ ನೊಂದಿದ್ದ ಆನಿ ಐಡ್ ಎಂಬ ಹುಡುಗಿಗೆ, ತನ್ನ ಹುಟ್ಟುಹಬ್ಬವನ್ನೇ 1891ರಲ್ಲಿ ದಾನಪತ್ರ ಬರೆದು ಕೊಟ್ಟುಬಿಟ್ಟ. ಷರತ್ತು ಮೀರಿದರೆ ಆ ಹಕ್ಕು ಅಮೆರಿಕದ ಅಧ್ಯಕ್ಷರಿಗೆ ಸೇರತಕ್ಕದ್ದೆಂದೂ ಪತ್ರದಲ್ಲಿ ನಮೂದಿಸಿದ. ಇನ್ನೆಷ್ಟು ಹುಟ್ಟುಹಬ್ಬಗಳು ಉಳಿದಿವೆಯೋ ತಿಳಿಯದವನು ಮಾಡಿದ ದಾನವಿದು.

ಉಳಿದಿದ್ದದ್ದು ನಾಲ್ಕು. 1894ರ ಡಿಸೆಂಬರ್ 3ರಂದು, ಸಂಜೆಯ ಊಟಕ್ಕೆ ಹೆಂಡತಿಗೆ ನೆರವಾಗುತ್ತಿದ್ದಾಗ, ಮೆದುಳಿನಲ್ಲಿ ರಕ್ತಸ್ರಾವವಾಗಿ ಕುಸಿದ. ಜೀವಮಾನವೆಲ್ಲ ಹೆದರಿಸಿದ ಎದೆ ಅವನನ್ನು ಕೊಲ್ಲಲಿಲ್ಲ. ಆಗ ಅವನಿಗೆ ನಲವತ್ತನಾಲ್ಕು ವರ್ಷ. ಸಮೋವಾದ ಜನ ಕಾಡು ಕಡಿದು ದಾರಿ ಮಾಡಿ, ಶವಪೆಟ್ಟಿಗೆಯನ್ನು ಹೊತ್ತು ವೇಯಾ ಬೆಟ್ಟದ ನೆತ್ತಿಗೇರಿಸಿದರು. ಅಲ್ಲಿಂದ ಕಡಲು ಕಾಣುತ್ತದೆ.

ಹಾಸ್ಯ ಹಗುರವಾದದ್ದೇ ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಲಕ್ಷಣಗ್ರಂಥಗಳನ್ನು ತೆರೆಯುವುದಿಲ್ಲ. ಕತ್ತಲೆ ಕೋಣೆಯ ಆ ಎಡಗೈಯ ಕಥೆಯನ್ನು ಹೇಳುತ್ತೇನೆ.