ಆರ್. ಕೆ. ನಾರಾಯಣ್

ಆರ್. ಕೆ. ನಾರಾಯಣ್ (10 ಅಕ್ಟೋಬರ್ 1906 – 13 ಮೇ 2001) ಮೈಸೂರಿನಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆದ ಭಾರತದ ಪ್ರಸಿದ್ಧ ಕಾದಂಬರಿಕಾರರು. ಇವರ ಪೂರ್ಣ ಹೆಸರು ರಾಶಿಪುರಂ ಕೃಷ್ಣಸ್ವಾಮಿ ಅಯ್ಯರ್ ನಾರಾಯಣಸ್ವಾಮಿ. ಮಾಲ್ಗುಡಿ ಎಂಬ ಕಲ್ಪಿತ ಊರು ಇವರ ಸೃಷ್ಟಿ. ಇವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಶಂಕರ್ ನಾಗ್ ಅವರ ನಿರ್ದೇಶನದಲ್ಲಿ ಕಿರುತೆರೆಗೂ ಬಂದಿತು.

ಬಾಲ್ಯ ಮತ್ತು ಶಿಕ್ಷಣ

ನಾರಾಯಣ್ ಮದರಾಸಿನಲ್ಲಿ ಜನಿಸಿ, ಬಾಲ್ಯದ ಬಹುಭಾಗವನ್ನು ಅಜ್ಜಿಯ ಆಶ್ರಯದಲ್ಲಿ ಕಳೆದರು. ತಂದೆ ಮೈಸೂರಿನ ಮಹಾರಾಜ ಕಾಲೇಜಿಯೇಟ್ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಅಲ್ಲಿನ ಗ್ರಂಥಾಲಯ ಬಾಲಕನಿಗೆ ಪ್ರಿಯವಾಯಿತು. ಪರೀಕ್ಷೆಗಳು ಮಾತ್ರ ಒಗ್ಗಲಿಲ್ಲ. 1930ರಲ್ಲಿ ಮಹಾರಾಜ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಶಿಕ್ಷಕ ವೃತ್ತಿಯನ್ನು ಕೆಲವೇ ದಿನಗಳಲ್ಲಿ ತೊರೆದು ಬರವಣಿಗೆಯನ್ನೇ ಜೀವನೋಪಾಯವಾಗಿ ಆರಿಸಿಕೊಂಡರು.

ಸ್ವಾಮಿಯ ಕಥೆ

ಹಲವು ಪ್ರಕಾಶಕರು ನಿರಾಕರಿಸಿದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹಸ್ತಪ್ರತಿಯನ್ನು ಇಂಗ್ಲೆಂಡಿನಲ್ಲಿದ್ದ ಗೆಳೆಯರೊಬ್ಬರು ಲೇಖಕ ಗ್ರಹಾಂ ಗ್ರೀನ್ ಅವರಿಗೆ ತೋರಿಸಿದರು. ಗ್ರೀನ್ ಅವರ ಶಿಫಾರಸಿನಿಂದ 1935ರಲ್ಲಿ ಅದು ಲಂಡನ್ನಿನಲ್ಲಿ ಪ್ರಕಟವಾಯಿತು. ಬ್ರಿಟಿಷ್ ಆಳ್ವಿಕೆಯ ಕಾಲದ ಶಾಲಾ ಬಾಲಕ ಸ್ವಾಮಿನಾಥನ್ ಇದರ ನಾಯಕ. ಸ್ವಾತಂತ್ರ್ಯ ಚಳವಳಿಯ ಹುರುಪಿನಲ್ಲಿ ಕಲ್ಲೆಸೆದು ಶಾಲೆ ಬಿಡುವ ಆತ, ಹೊಸ ಶಾಲೆಯಲ್ಲೂ ಬೆತ್ತಕ್ಕೆ ಹೆದರಿ ಊರನ್ನೇ ಬಿಟ್ಟು ಓಡಿಹೋಗುತ್ತಾನೆ. ಕ್ರಿಕೆಟ್ ಪಂದ್ಯ ತಪ್ಪುತ್ತದೆ. ಗೆಳೆಯ ರಾಜಂ ಮುನಿಯುತ್ತಾನೆ. ರೈಲು ಹೊರಟಾಗ ಆತ ಕ್ಷಮಿಸಿದನೇ ಇಲ್ಲವೇ ಎಂಬುದು ಕೊನೆಗೂ ತಿಳಿಯುವುದಿಲ್ಲ.

ಪುಸ್ತಕದಿಂದ ತೆರೆಗೆ

1965ರ ಹಿಂದಿ ಚಿತ್ರ ‘ಗೈಡ್’ ಮೈಸೂರು ಸೀಮೆಯ ಸಾಧಾರಣ ಪರಿಸರದ ಕಥೆಯನ್ನು ರಾಜಸ್ಥಾನದ ವೈಭವಕ್ಕೆ ಒಯ್ದದ್ದು ನಾರಾಯಣರಿಗೆ ಸಮಾಧಾನ ತಂದಿರಲಿಲ್ಲ. 1986ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಮಾಲ್ಗುಡಿ ಡೇಸ್’ ಕಥೆಯ ಅಳತೆಯನ್ನು ಮೀರಲಿಲ್ಲ. ಟಿ. ಎಸ್. ನರಸಿಂಹನ್ ನಿರ್ಮಿಸಿದ ಈ ಧಾರಾವಾಹಿಯಲ್ಲಿ ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ, ಗಿರೀಶ್ ಕಾರ್ನಾಡ್ ತಂದೆಯಾಗಿ ಅಭಿನಯಿಸಿದರು. ಎಲ್. ವೈದ್ಯನಾಥನ್ ಸಂಗೀತ ನೀಡಿದರು. ನಾರಾಯಣರ ತಮ್ಮ ಆರ್. ಕೆ. ಲಕ್ಷ್ಮಣ್ ರೇಖಾಚಿತ್ರಗಳನ್ನು ರಚಿಸಿದರು.

ಎರಡು ಕೃತಿಗಳ ನಡುವೆ ವ್ಯತ್ಯಾಸಗಳೂ ಇವೆ. ಕಾದಂಬರಿಯಲ್ಲಿ ಹಾಸ್ಯ ಹುಟ್ಟುವುದು ನಿರೂಪಕನ ಗಂಭೀರ ಧಾಟಿಯಿಂದ: ಬಾಲಕನ ಸಣ್ಣ ಭಯಗಳನ್ನೂ ಆತ ರಾಜಕಾರ್ಯದಷ್ಟು ಗೌರವದಿಂದ ವಿವರಿಸುತ್ತಾನೆ. ತೆರೆಯಲ್ಲಿ ಆ ದನಿಗೆ ಎಡೆ ಕಡಿಮೆ; ಅದರ ಕೆಲಸವನ್ನು ಬಾಲನಟನ ಮುಖಭಾವ ಮತ್ತು ಸಂಗೀತ ನಿರ್ವಹಿಸುತ್ತವೆ. ಯಾವ ಭೂಪಟದಲ್ಲೂ ಇಲ್ಲದ ಮಾಲ್ಗುಡಿಗೆ ಶಂಕರ್ ನಾಗ್ ಆಗುಂಬೆಯ ಬೀದಿ, ಹೆಂಚಿನ ಮನೆ, ಹಸಿರುಗಳನ್ನು ಕೊಟ್ಟರು. ಓದುಗ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿದ್ದ ಊರು ಇದರಿಂದ ಮಲೆನಾಡಿನಲ್ಲಿ ಸ್ಥಿರವಾಯಿತು. ಆದರೆ ಮಗುವಿನ ಅಳಲನ್ನು ದೊಡ್ಡವರು ಅರಿಯದೆ ಹೋಗುವ ನೋವು ಎರಡರಲ್ಲೂ ಸಮಾನವಾಗಿದೆ.

ರಾಜ್ಯಸಭೆ ಮತ್ತು ಕೊನೆಯ ದಿನಗಳು

ನಾರಾಯಣರಿಗೆ ‘ದಿ ಗೈಡ್’ ಕಾದಂಬರಿಗಾಗಿ 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1964ರಲ್ಲಿ ಪದ್ಮಭೂಷಣ ಲಭಿಸಿದವು. ರಾಜ್ಯಸಭೆಗೆ ನಾಮನಿರ್ದೇಶಿತರಾದ ಇವರು ಅಲ್ಲಿ ಮಾತನಾಡಿದ್ದು ಮಕ್ಕಳ ಶಾಲಾಚೀಲದ ಹೊರೆಯನ್ನು ಕುರಿತು. ಕಲಿಕೆಯ ಹೊರೆ ತಗ್ಗಿಸುವ ಬಗ್ಗೆ ಯಶ್‌ಪಾಲ್ ಸಮಿತಿ 1993ರಲ್ಲಿ ನೀಡಿದ ವರದಿ ಆ ಭಾಷಣವನ್ನು ಸ್ಮರಿಸಿದೆ. ಸ್ವಾಮಿಯ ಪರವಾದ ಅಹವಾಲು ಹೀಗೆ ಸಂಸತ್ತನ್ನೂ ತಲುಪಿತು.

ಕೊನೆಯ ವರ್ಷಗಳನ್ನು ಚೆನ್ನೈಯಲ್ಲಿ ಕಳೆದ ನಾರಾಯಣ್ ಅಲ್ಲಿಯೇ ನಿಧನರಾದರು. ಮೈಸೂರಿನ ಯಾದವಗಿರಿಯಲ್ಲಿರುವ ಇವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.